ಎರಡು ಮೀಟರ್ ಕೊಳವೆ

ಜನವರಿ 12

ಅಕ್ಕಾ,

ಮೊದಲು ಸುದ್ದಿ, ಕ್ಷೇಮ ಸಮಾಚಾರ ಆಮೇಲೆ. ಹೊಸ ವಿಮಾನದ ಗಾಳಿಬಾಯಿಯ ಪರೀಕ್ಷೆ ಪೂರ್ತಿಯಾಗಿ ನನ್ನ ಕೈಗೆ ಬಂದಿದೆ! ನಿನ್ನೆ ನಮ್ಮ ಮುಖ್ಯಸ್ಥರು ಕಾರಿಡಾರಿನಲ್ಲಿ ನಡೆಯುತ್ತಲೇ ಹೇಳಿಬಿಟ್ಟರು. "ಇನ್ಮೇಲೆ ನೀವೇ ನೋಡ್ಕೊಳಿ. ಮೇ ತಿಂಗಳಲ್ಲಿ ಎಂಜಿನ್ ಜೊತೆ ಕೂಡಿಸ್ಬೇಕು, ಅಷ್ಟೇ." ಅಷ್ಟೇ ಅಂತೆ! ಫೈಲನ್ನು ಎದೆಗೆ ಅವುಚಿಕೊಂಡು ಅಲ್ಲೇ ಕಂಬದ ಹಾಗೆ ನಿಂತುಬಿಟ್ಟೆ.

ಅಪ್ಪನಿಗೆ ನೀನೇ ಬಿಡಿಸಿ ಹೇಳು. ಶಬ್ದಕ್ಕಿಂತ ಎರಡೂವರೆ ಪಟ್ಟು ವೇಗದ ಗಾಳಿ ಹಾಗೇ ಒಳಗೆ ನುಗ್ಗಿದರೆ ಎಂಜಿನ್ನಿಗೆ ಉಸಿರು ಕಟ್ಟುತ್ತದೆ. ಮುಂದಿನ ಬಾಯಿಯಲ್ಲೇ ಅದನ್ನು ತಡೆದು, ನಿಧಾನ ಮಾಡಿ ಒಳಗೆ ಬಿಡಬೇಕು. ಬಾಯಿಯ ನಡುವೆ ಒಂದು ಶಂಕು ಇರುತ್ತದೆ, ಅದರ ಮೂತಿಯಿಂದ ಹೊರಡುವ ಆಘಾತ ಅಲೆಗಳು ಗಾಳಿಯನ್ನು ಪಳಗಿಸುತ್ತವೆ. ಆದರೆ ಎಂಜಿನ್ ಕಡಿಮೆ ಗಾಳಿ ಕೇಳಿದಾಗ ಕೊನೆಯ ಅಲೆ ಬಾಯಿಯಿಂದ ಹೊರಬಿದ್ದು, ಒಳಗೆ ಹೊರಗೆ, ಒಳಗೆ ಹೊರಗೆ ಎಂದು ಹುಚ್ಚು ಹಿಡಿದಂತೆ ಓಡಾಡುವುದುಂಟು. ನಾವು ಅದನ್ನು ನಡುಕ ಎನ್ನುತ್ತೇವೆ. ನಡುಕ ಎಲ್ಲಿ ಶುರುವಾಗುತ್ತದೆ ಎಂದು ಗಾಳಿ ಸುರಂಗದಲ್ಲಿ ಕಂಡುಹಿಡಿದು ಎಂಜಿನ್ನಿನವರಿಗೆ ಹೇಳುವುದು ನನ್ನ ಕೆಲಸ.

ನೋಡು, ಇದನ್ನೆಲ್ಲ ನನಗೆ ಹೇಳಿಕೊಟ್ಟವಳಿಗೇ ಪಾಠ ಮಾಡುತ್ತಿದ್ದೇನೆ. ನಿನ್ನ ಹಳೆಯ ನೋಟ್‌ಬುಕ್ಕು ನನ್ನ ಮೇಜಿನ ಮೇಲೇ ಇದೆ.

ಒಳಗೆ ಫೋನ್ ಬಿಡುವುದಿಲ್ಲ, ಗೇಟಿನ ಫೋನಿಗೆ ಯಾವಾಗಲೂ ಸರತಿ. ಅದಕ್ಕೇ ಕಾಗದ. ಬೇಗ ಬರೆ.

ಬುಗುರಿ

*

ಜನವರಿ 25

ಬುಗುರಿ,

ನಿನ್ನ ಕಾಗದ ಅಪ್ಪನ ಕೈಗೇ ಮೊದಲು ಸಿಕ್ಕಿತು. ಮೂರು ಸಲ ಓದಿಸಿಕೊಂಡರು. ಆಮೇಲೆ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಕ್ಷೌರದಂಗಡಿಗೆ ಹೋದರು. ತಲೆಯಲ್ಲಿರುವ ನಾಲ್ಕು ಕೂದಲಿಗೆ ತಿಂಗಳಿಗೆ ಎರಡು ಸಲ ಕ್ಷೌರ ಯಾಕೆ ಎಂದು ಈಗ ಅರ್ಥವಾಯಿತು. ಮೂವತ್ತು ವರ್ಷ ವಿಮಾನಗಳ ಹೊಟ್ಟೆಯಡಿ ಸ್ಪ್ಯಾನರ್ ಹಿಡಿದು ಮಲಗಿದ ಮೆಕ್ಯಾನಿಕ್ಕಿನ ಮಗಳು ಈಗ ವಿಮಾನಕ್ಕೆ ಬಾಯಿ ಮಾಡುತ್ತಿದ್ದಾಳೆ ಎಂದು ಇಡೀ ಬೀದಿಗೆ ಗೊತ್ತಾಗಿದೆ. ಔಷಧಿ ಅಂಗಡಿಯವನು ನನ್ನನ್ನೇ ತಡೆದು, "ನೀವು ಆ ವಿಜ್ಞಾನಿಯ ಅಕ್ಕ ಅಲ್ವಾ?" ಎಂದು ಕೇಳಿದ. ಹೌದು ಎಂದೆ. ಇನ್ನೇನು ಹೇಳಲಿ?

ಆ ಕಾರಿಡಾರ್ ನನಗೂ ಗೊತ್ತು ಕಣೇ. ಅಲ್ಲಿಯ ಬೆಂಚಿನ ಮೇಲೆ ಎರಡು ಸಲ ಸಂದರ್ಶನಕ್ಕೆ ಕೂತಿದ್ದೇನೆ. ಬೆಂಚಿನ ಒಂದು ಕಾಲು ಗಿಡ್ಡ ಇತ್ತು. ಈಗ ಸರಿ ಮಾಡಿಸಿದ್ದಾರೇನೋ.

ನನ್ನದು ಎಂದಿನಂತೆ. ಪಾಲಿಟೆಕ್ನಿಕ್‌ನಲ್ಲಿ ವಾರಕ್ಕೆ ಇಪ್ಪತ್ತೆರಡು ಪಾಠ, ಮನೆಗೆ ಬಂದರೆ ವಿಜ್ಞಾನ ಮಾಸಪತ್ರಿಕೆಯ ಪ್ರಶ್ನೋತ್ತರ ಪುಟ. ಸಂಪಾದಕರಿಗೆ ಮೂರು ತಿಂಗಳು ಮುಂಚೆಯೇ ಪುಟ ಬೇಕಂತೆ, ಏಪ್ರಿಲ್ ಸಂಚಿಕೆಯದನ್ನು ಈಗ ಬರೆಯುತ್ತಿದ್ದೇನೆ. ಒಬ್ಬ ಬಸ್ ಕಂಡಕ್ಟರ್ ಕೇಳಿದ್ದಾನೆ: "ರಾಕೆಟ್ ಹಿಂದಕ್ಕೆ ಉಗುಳೋ ಬೆಂಕಿಗೆ ಒತ್ತಿಕೊಳ್ಳೋಕೆ ಅಷ್ಟು ಮೇಲೆ ಗಾಳೀನೂ ಇಲ್ಲ, ಮತ್ತೆ ಮುಂದಕ್ಕೆ ಹೆಂಗೆ ಹೋಗುತ್ತೆ?" ಎಷ್ಟು ಒಳ್ಳೆಯ ಪ್ರಶ್ನೆ! ಇಂಥವರಿಗೆ ಉತ್ತರ ಬರೆದರೆ ಯಾರೂ ಬಡ್ತಿ ಕೊಡುವುದಿಲ್ಲ, ಅದು ಬೇರೆ ಮಾತು.

ಸರಿಯಾಗಿ ಊಟ ಮಾಡು.

ಅಕ್ಕ

*

ಮಾರ್ಚ್ 3

ಅಕ್ಕಾ,

ನೀನು ಇಲ್ಲಿರಬೇಕಿತ್ತು! ನಾಲ್ಕು ವಾರ ಸುರಂಗ ಓಡಿಸಿದೆವು. ನನ್ನ ಗಾಳಿಬಾಯಿ ನಡುಗುವುದೇ ಇಲ್ಲ. ಗಾಳಿಯ ಹರಿವನ್ನು ಮುಕ್ಕಾಲಿಗೆ ಇಳಿಸಿದೆ, ಸುಮ್ಮನಿತ್ತು. ಅರ್ಧಕ್ಕೆ ಇಳಿಸಿದೆ, ಆಗಲೂ ಒತ್ತಡದ ಗೆರೆ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಚಪ್ಪಟೆ. ಮುಖ್ಯಸ್ಥರು ಆ ಗೆರೆಯ ಹಾಳೆಯನ್ನು ಬೆಳಕಿಗೆ ಹಿಡಿದು, "ಇಷ್ಟು ಶಾಂತವಾದ ಬಾಯಿ ನಾನು ನೋಡೇ ಇಲ್ಲ, ನಮ್ಮನೇಲೂ ಇಲ್ಲ" ಎಂದರು. ಅವರು ನಗಿಸಿದ್ದು ಇದೇ ಮೊದಲು.

ಒಂದೆರಡು ತೊಡಕು ಇದ್ದವು. ಅಲೆಗಳನ್ನು ಕಣ್ಣಿಗೆ ಕಾಣಿಸುವ ಕಿಟಕಿಯ ಗಾಜು ಬಿರುಕು ಬಿಟ್ಟಿದೆ, ಹೊಸದು ಬರಲು ಎಂಟು ತಿಂಗಳು. ಹಾಗಾಗಿ ಅಲ್ಲಿ ಉಕ್ಕಿನ ತಟ್ಟೆ ಕೂರಿಸಿದ್ದೇವೆ. ಸುರಂಗದಲ್ಲಿಡುವ ಗಾಳಿಬಾಯಿಯ ಮಾದರಿಯೊಳಗೆ ಕೂರುವಂಥ ಪುಟ್ಟ ಸೆನ್ಸರ್ ಬೇಕೆಂದು ಬರೆದುಕೊಟ್ಟಿದ್ದೆ. "ಅದಕ್ಕೆ ಕಾಯ್ತಾ ಕೂತ್ರೆ ಮೇ ತಿಂಗಳು ನಮಗೆ ಕಾಯುತ್ತಾ?" ಎಂದು ಮುಖ್ಯಸ್ಥರು ಚೀಟಿ ವಾಪಸ್ ಕೊಟ್ಟರು. ಕೊನೆಗೆ ಮಾದರಿಯಿಂದ ಸಣ್ಣ ಕೊಳವೆಗಳನ್ನು ಎಳೆದು ಹೊರಗಿನ ಪೆಟ್ಟಿಗೆಯಲ್ಲಿ ದೊಡ್ಡ ಸೆನ್ಸರ್‌ಗಳಿಗೆ ಜೋಡಿಸಿದೆವು. ಎರಡು ಮೀಟರ್ ಕೊಳವೆ. ಮಾದರಿ ಕಟ್ಟುವ ನಮ್ಮ ಮೇಸ್ತ್ರಿ ಅದನ್ನು ಎಷ್ಟು ಅಚ್ಚುಕಟ್ಟಾಗಿ ಬಾಗಿಸಿದ್ದಾರೆ ಗೊತ್ತಾ, ಆಭರಣದ ಹಾಗಿದೆ.

ಗೆರೆಯ ಒಂದು ಪ್ರತಿ ಇದರ ಜೊತೆ ಇಟ್ಟಿದ್ದೇನೆ. ನೋಡಿ ಹೇಳು. ನೀನು ಬೈಯದೆ ನನಗೆ ಯಾವುದೂ ಮುಗಿದಂತೆ ಅನ್ನಿಸುವುದಿಲ್ಲ.

ಬುಗುರಿ

*

ಮಾರ್ಚ್ 19

ಬುಗುರಿ,

ಕಾಗದ, ಗೆರೆ ಎರಡೂ ಬಂದವು. ತುಂಬಾ ಸಂತೋಷ. ಅಪ್ಪ ಆ ಗೆರೆಗೆ ಚೌಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದಾರೆ. ನನ್ನ ಡಿಪ್ಲೊಮಾ ಇದ್ದ ಮೊಳೆಗೆ. ಡಿಪ್ಲೊಮಾವನ್ನು ಕಪಾಟಿನ ಮೇಲೆ ಒರಗಿಸಿದ್ದಾರೆ. "ಅಲ್ಲೂ ಚೆನ್ನಾಗೇ ಕಾಣ್ಸುತ್ತೆ ಬಿಡು" ಎಂದರು.

ಇಲ್ಲಿ ಬಿಸಿಲು ಜೋರು. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ರಿಪೇರಿ ಆಯಿತು. ಪರೀಕ್ಷೆಯ ಪೇಪರುಗಳು ನೂರ ನಲವತ್ತು ಬಂದು ಬಿದ್ದಿವೆ.

ಅಭಿನಂದನೆಗಳು.

ಅಕ್ಕ

*

ಏಪ್ರಿಲ್ 8

ಅಕ್ಕಾ,

ಇಷ್ಟು ಪುಟ್ಟ ಕಾಗದವನ್ನು ನೀನು ಈವರೆಗೆ ಬರೆದದ್ದೇ ಇಲ್ಲ. ಪೇಪರುಗಳ ಕಾಟ ಎಂದುಕೊಂಡೆ. ಆದರೂ ಓದಿ ಕುಣಿದುಬಿಟ್ಟೆ. ಯಾಕೆ ಹೇಳು? ನೀನು ಒಂದೇ ಒಂದು ತಪ್ಪು ಹುಡುಕಿಲ್ಲ! ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ನನ್ನ ಯಾವ ಲೆಕ್ಕಕ್ಕೂ ನೀನು ಕೆಂಪು ಶಾಯಿ ಹಚ್ಚದೆ ಬಿಟ್ಟವಳಲ್ಲ. ಉತ್ತರ ಸರಿಯಿದ್ದರೆ ಅಕ್ಷರ ಸೊಟ್ಟಗಿದೆ ಎಂದು ಬೈಯುತ್ತಿದ್ದೆ.

ನಿನ್ನೆ ವರದಿಗೆ ಸಹಿ ಮಾಡಿದೆ. ಇಲ್ಲಿ ಮೂವರು ನೋಡಿ ತಲೆಯಾಡಿಸಿದ್ದರು, ಆದರೂ ಪೆನ್ನು ಹಿಡಿದಾಗ ಕೈ ಹಿಂದೆ ಮುಂದೆ ನೋಡುತ್ತಿತ್ತು. ಆಮೇಲೆ ಅಂದುಕೊಂಡೆ, ತಪ್ಪಿದ್ದರೆ ಅಕ್ಕ ಸುಮ್ಮನೆ ಬಿಡುತ್ತಿದ್ದಳೇ? ಸಹಿ ಮಾಡಿದೆ.

ನಿನಗೆ ಹೇಳಿಲ್ಲ, ಈ ಊರಿನಲ್ಲಿ ನನಗೆ ಮಾತಾಡಲು ಯಾರೂ ಇಲ್ಲ. ಭಾನುವಾರ ಕೂತು ನಿನ್ನ ಪುಟವನ್ನೇ ಮತ್ತೆ ಮತ್ತೆ ಓದುತ್ತೇನೆ. ನಿನಗೆ ಎಷ್ಟೊಂದು ಜನ ಬರೆಯುತ್ತಾರೆ, ಅಪ್ಪನೂ ನಿನ್ನ ಜೊತೆಗೇ ಇದ್ದಾರೆ. ಒಂದೊಂದು ಸಲ ಉರಿಯುತ್ತದೆ ಕಣೇ.

ಬುಗುರಿ

*

ಮೇ 2

ಬುಗುರಿ,

ಉತ್ತರ ತಡವಾಯಿತು. ಎಂಜಿನ್ ಜೊತೆಗಿನ ಪರೀಕ್ಷೆ ಯಾವ ದಿನ? ಕಿಟಕಿಯ ಹೊಸ ಗಾಜು ಬರುವವರೆಗೆ ಕಾಯಬಹುದೇ? ಬಂದರೆ ಒಂದು ಸಲ ಕಣ್ಣಲ್ಲೇ ನೋಡಿಬಿಡಬಹುದಿತ್ತು. ಹಾಗೇ ಸುಮ್ಮನೆ ಕೇಳಿದೆ. ನಿಮ್ಮಲ್ಲಿ ದೊಡ್ಡ ದೊಡ್ಡವರಿದ್ದಾರೆ, ಅವರಿಗೆ ಗೊತ್ತಿರುತ್ತದೆ.

ಅಪ್ಪ ಚೆನ್ನಾಗಿದ್ದಾರೆ.

ಅಕ್ಕ

*

ಮೇ 24

ಅಕ್ಕಾ,

ನಿನ್ನ ಕಾಗದ ಬಂದ ದಿನವೇ ಪರೀಕ್ಷೆ ಇತ್ತು. ಓದದೆ ಚೀಲದಲ್ಲಿಟ್ಟುಕೊಂಡು ಹೋದೆ.

ಎಂಜಿನ್ ಹನ್ನೊಂದು ನಿಮಿಷ ಓಡಿತು. ಹರಿವನ್ನು ಮುಕ್ಕಾಲಿಗೆ ಇಳಿಸಲು ಹೇಳಿದೆ. ನಾನೇ ಹೇಳಿದೆ. ಮೊದಲು ನೆಲ ನಡುಗಿತು, ಆಮೇಲೆ ಫಿರಂಗಿ ಹೊಡೆದ ಹಾಗೆ ಒಂದರ ಹಿಂದೆ ಒಂದು ಸದ್ದು. ಅಲೆ ಒಳಗೆ ಹೊರಗೆ ಓಡಾಡಿ ಎಂಜಿನ್ನಿನ ಗಾಳಿ ಹಿಮ್ಮುಖವಾಗಿ ಸಿಡಿಯಿತು. ನಾಲ್ಕು ಸೆಕೆಂಡಿನಲ್ಲಿ ನಿಲ್ಲಿಸಿದೆವು. ಅಷ್ಟರಲ್ಲಿ ಮೊದಲ ಸಾಲಿನ ಅಲಗುಗಳೆಲ್ಲ ಮುರಿದಿದ್ದವು. ಪಕ್ಕದ ಕೋಣೆಯ ಬಾಗಿಲು ಕಿತ್ತುಕೊಂಡು ಬಂದು ಮಾದರಿ ಮೇಸ್ತ್ರಿಯ ಬಲಗೈಗೆ ಬಡಿಯಿತು. ಮಣಿಕಟ್ಟು ಮೂರು ಕಡೆ ಮುರಿದಿದೆ. ಕೂದಲೆಳೆಯಷ್ಟು ತಂತಿಯನ್ನು ಬೆಸೆಯುವ ಕೈ ಅದು. ಆಸ್ಪತ್ರೆಯಲ್ಲಿ ನನ್ನನ್ನು ನೋಡಿ, "ನೀವು ಅಳ್ಬೇಡಿ ಮೇಡಂ, ನನಗೆ ಎಡಗೈ ಇದೆಯಲ್ಲ" ಎಂದರು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ.

ತನಿಖೆಗೆ ಸಮಿತಿ ಮಾಡಿದ್ದಾರೆ. ಪುಟ್ಟ ಸೆನ್ಸರ್ ಬೇಕೆಂದು ನಾನು ಕೇಳಿದ್ದೇ ಇಲ್ಲ ಎಂದು ಮುಖ್ಯಸ್ಥರು ಹೇಳುತ್ತಿದ್ದಾರೆ. ವಾಪಸ್ ಕೊಟ್ಟ ಚೀಟಿಯನ್ನು ನಾನು ಇಟ್ಟುಕೊಂಡಿಲ್ಲ, ಫೈಲಿನಲ್ಲೂ ಇಲ್ಲ. ಸಹಿ ಮಾತ್ರ ನನ್ನದಿದೆ.

ಗೆರೆ ಅಷ್ಟು ಚಪ್ಪಟೆಯಾಗಿತ್ತಲ್ಲ ಅಕ್ಕಾ. ಎಲ್ಲಿ ತಪ್ಪಿತು?

ಬುಗುರಿ

*

ಜೂನ್ 1

ಬುಗುರಿ,

ಕಾಗದ ಬಂತು. ನಿನಗೆ ಏನೂ ಆಗಲಿಲ್ಲವಲ್ಲ, ಅದೇ ದೊಡ್ಡದು. ಇಂಥ ಕೆಲಸದಲ್ಲಿ ಇಂಥವು ಆಗುತ್ತವೆ, ನಿನ್ನೊಬ್ಬಳ ತಪ್ಪೆಂದು ತಲೆಗೆ ಹಚ್ಚಿಕೊಳ್ಳಬೇಡ. ಮೇಸ್ತ್ರಿಯವರ ಕೈ ಕೂಡಿಕೊಳ್ಳುತ್ತದೆ. ರಜೆ ಹಾಕಿ ಬಂದುಬಿಡು. ನಿನ್ನ ಕೋಣೆಯನ್ನು ಗುಡಿಸಿ ಇಟ್ಟಿದ್ದೇನೆ.

ಅಪ್ಪನಿಗೆ ಇನ್ನೂ ಹೇಳಿಲ್ಲ. ಗೋಡೆಯ ಮೇಲಿನ ಗೆರೆಯನ್ನು ದಿನಾ ಒರೆಸುತ್ತಿದ್ದಾರೆ.

ಅಕ್ಕ

*

ಜೂನ್ 20

ಅಕ್ಕನಿಗೆ,

ಪತ್ರಿಕೆಯ ಜೂನ್ ಸಂಚಿಕೆ ಬಂತು. ನಿನ್ನ ಪುಟ ಓದಿದೆ. ಅಲ್ಲಿ ಒಬ್ಬ ನರ್ಸ್ ಕೇಳಿದ್ದಾರೆ: "ನಮ್ಮ ತೀವ್ರ ನಿಗಾ ಘಟಕದಲ್ಲಿ ರೋಗಿಯ ರಕ್ತನಾಳದಿಂದ ಯಂತ್ರಕ್ಕೆ ಹೋಗುವ ಕೊಳವೆ ಉದ್ದವಾದರೆ, ಅದರಲ್ಲಿ ಗುಳ್ಳೆ ಸೇರಿದರೆ ನಾಡಿಯ ಅಲೆ ಪರದೆಯ ಮೇಲೆ ಚಪ್ಪಟೆಯಾಗುತ್ತದೆ. ರೋಗಿ ಒದ್ದಾಡುತ್ತಿದ್ದರೂ ಯಂತ್ರ ಆರಾಮಾಗಿರುತ್ತದೆ. ವಿಮಾನಗಳ ಪರೀಕ್ಷೆಯಲ್ಲಿ ಹೀಗಾಗುವುದಿಲ್ಲವೇ?"

ನಿನ್ನ ಉತ್ತರ ಬಾಯಿಪಾಠವಾಗಿದೆ. "ಖಂಡಿತ ಆಗುತ್ತದೆ. ಉದ್ದವಾದ ಸಣ್ಣ ಕೊಳವೆ ನಿಧಾನವಾದ ಬದಲಾವಣೆಯನ್ನು ಮಾತ್ರ ಸೆನ್ಸರಿಗೆ ತಲುಪಿಸುತ್ತದೆ, ವೇಗದ ಏರಿಳಿತವನ್ನು ನುಂಗಿಹಾಕುತ್ತದೆ. ಗಾಳಿಬಾಯಿಯೊಂದು ಸೆಕೆಂಡಿಗೆ ನೂರು ಸಲ ನಡುಗುತ್ತಿದ್ದರೂ ಎರಡು ಮೀಟರ್ ಕೊಳವೆಯ ಆಚೆ ತುದಿಯಲ್ಲಿ ಕಾಣುವುದು ನೇರ ಗೆರೆ. ಅಂಥ ಗೆರೆಯನ್ನು ನಂಬಬಾರದು."

ಎರಡು ಮೀಟರ್! ಕೊಳವೆಯ ಅಳತೆಯನ್ನೂ ನನ್ನ ಕಾಗದದಿಂದಲೇ ಎತ್ತಿಕೊಂಡೆಯಲ್ಲ. ಜೂನ್ ಪುಟವನ್ನು ನೀನು ಮಾರ್ಚ್‌ನಲ್ಲೇ ಬರೆದಿರುತ್ತೀಯ. ನನಗೆ ನಲ್ಲಿ ರಿಪೇರಿಯಾಯಿತು ಎಂದು ಬರೆದೆಯಲ್ಲ, ಅದೇ ವಾರ.

ಗುರುತಿಲ್ಲದ ನರ್ಸಮ್ಮನಿಗೆ ಹೇಳಿದೆ. ನನಗೆ ಯಾಕೆ ಹೇಳಲಿಲ್ಲ?

*

ಜೂನ್ 29

ಬುಗುರಿ,

ಮಾರ್ಚ್‌ನಲ್ಲಿ ನಿನ್ನ ಕಾಗದವೂ ನರ್ಸಮ್ಮನ ಕಾಗದವೂ ಒಂದೇ ವಾರ ಬಂದವು. ಇಬ್ಬರಿಗೂ ಉತ್ತರ ಒಂದೇ. ಆಕೆಯದನ್ನು ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ. ನಿನ್ನದಕ್ಕೆ ನಾಲ್ಕು ಸಲ ಕೂತೆ.

ಏನೇನೋ ಕಾರಣ ಹೇಳಬಹುದು. ನೂರ ನಲವತ್ತು ಪೇಪರು ಇದ್ದದ್ದು ನಿಜ. ನಿಮ್ಮವರು ನೋಡಿಕೊಳ್ಳುತ್ತಾರೆ ಎಂದುಕೊಂಡದ್ದೂ ಸ್ವಲ್ಪ ನಿಜ. ಆದರೆ ನಡೆದದ್ದು ಇದು. "ಎರಡು ಮೀಟರ್ ಕೊಳವೆ" ಎಂಬಲ್ಲಿಗೆ ಬಂದಾಗ ನನಗೆ ಮೊದಲು ಆದದ್ದು ಗಾಬರಿಯಲ್ಲ. ಖುಷಿ. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ. ಇಷ್ಟೇನಾ ಇವಳು, ಇದನ್ನು ನಾನಾಗಿದ್ದರೆ ಮೊದಲ ದಿನವೇ ಹಿಡಿಯುತ್ತಿದ್ದೆ ಎಂದುಕೊಂಡೆ. ಆ ಹೊತ್ತಿಗೆ ಸರಿಯಾಗಿ ಅಪ್ಪ ನನ್ನ ಡಿಪ್ಲೊಮಾವನ್ನು ಮೊಳೆಯಿಂದ ಇಳಿಸಿಕೊಂಡು ಒಳಗೆ ಬಂದರು, ನಿನ್ನ ಗೆರೆಗೆ ಜಾಗ ಮಾಡಲು.

ಹೇಳಿದ್ದರೆ ನೀನು ತಿದ್ದಿಕೊಳ್ಳುತ್ತಿದ್ದೆ, ಇನ್ನಷ್ಟು ಹೆಸರು ಬರುತ್ತಿತ್ತು. ಒಂದು ಸಲ, ಒಂದೇ ಒಂದು ಸಲ, ನೀನೂ ಆ ಕುಂಟು ಬೆಂಚಿನ ಮೇಲೆ ಕೂತು ತಲೆ ತಗ್ಗಿಸಲಿ ಎಂದು ಆಸೆಯಾಯಿತು. ವರದಿ ವಾಪಸ್ ಬರುತ್ತದೆ, ನಾಲ್ಕು ಜನರೆದುರು ಬೈಸಿಕೊಳ್ಳುತ್ತೀಯ, ಅಷ್ಟೇ ಎಂದು ಅಂದಾಜು ಮಾಡಿದ್ದೆ. ಯಾರದೋ ಕೈ ಮುರಿಯುತ್ತದೆ ಎಂದು ಅಂದುಕೊಳ್ಳಲಿಲ್ಲ. ಅಂದುಕೊಳ್ಳಬೇಕಿತ್ತು, ನನಗೆ ಗೊತ್ತಿರುವ ವಿಷಯ ಅದು.

ನನ್ನನ್ನು ಎರಡು ಸಲ ಬೇಡವೆಂದ ಜಾಗ ನಿನ್ನನ್ನು ಮೊದಲ ಸಲವೇ ತೆಗೆದುಕೊಂಡಿತು, ನನ್ನದೇ ನೋಟ್‌ಬುಕ್ ಓದಿದವಳನ್ನು. ಸಂದರ್ಶನದಲ್ಲಿ ನನಗೆ ಬಾಯಿ ಕಟ್ಟಿತ್ತು, ನಿನಗೆ ಕಟ್ಟಲಿಲ್ಲ. ಅದು ನಿನ್ನ ತಪ್ಪಲ್ಲ. ಆರು ವರ್ಷದಿಂದ ಅದನ್ನು ನಿನ್ನ ತಪ್ಪೆಂದೇ ಇಟ್ಟುಕೊಂಡಿದ್ದೆ.

ಅಪ್ಪನಿಗೆ ಎಲ್ಲ ಹೇಳಿದೆ. ಗೆರೆ ಒರೆಸುತ್ತಿದ್ದ ಬಟ್ಟೆಯನ್ನು ಮಡಿಸಿಟ್ಟರು. ಆಮೇಲೆ, "ಇಂಜಿನ್ನಲ್ಲಿ ಬೋಲ್ಟು ಸಡಿಲ ಇರೋದು ಗೊತ್ತಿದ್ದೂ ಮುಚ್ಚಳ ಹಾಕೋ ಮೆಕ್ಯಾನಿಕ್‌ನ ನಾವು ಹ್ಯಾಂಗರ್ ಒಳಗೇ ಬಿಡ್ತಿರ್ಲಿಲ್ಲ" ಎಂದರು. ಅವತ್ತಿನಿಂದ ನನ್ನೊಡನೆ ಮಾತಿಲ್ಲ. ತಟ್ಟೆ ತಾವೇ ತೊಳೆದುಕೊಳ್ಳುತ್ತಿದ್ದಾರೆ.

ಕ್ಷಮಿಸು ಎಂದು ಕೇಳಲು ಮುಖವಿಲ್ಲ.

ಅಕ್ಕ

*

ಜುಲೈ 21

ಬುಗುರಿ,

ನಿನ್ನಿಂದ ಕಾಗದವಿಲ್ಲ. ಬರುವುದೆಂದು ನಾನು ಕಾದೂ ಇಲ್ಲ.

ತನಿಖಾ ಸಮಿತಿಗೆ ಬರೆದಿದ್ದೇನೆ. ನಿನ್ನ ಮಾರ್ಚ್ ಮೂರರ ಕಾಗದ, ಅಂಚೆ ಮುದ್ರೆಯಿರುವ ಲಕೋಟೆ ಎರಡನ್ನೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ. ನೀನು ಸೆನ್ಸರ್ ಕೇಳಿದ್ದು, ಮುಖ್ಯಸ್ಥರು ಚೀಟಿ ವಾಪಸ್ ಕೊಟ್ಟದ್ದು ಅದರಲ್ಲಿದೆ. ನನ್ನ ಜೂನ್ ಪುಟವನ್ನೂ ಇಟ್ಟಿದ್ದೇನೆ. ಅದಿಲ್ಲದೆ ಕಳಿಸಬಹುದಿತ್ತು, ಆಗ ನಾನು ಬಚಾವ್. ಆ ಬಚಾವ್ ನನಗೆ ಬೇಡವೆನ್ನಿಸಿತು.

ಆಗಸ್ಟ್ ಹದಿನೆಂಟಕ್ಕೆ ಹಾಜರಾಗಲು ಹೇಳಿದ್ದಾರೆ. ಬೆಳಗಿನ ರೈಲಿಗೆ ಬಂದು ಸಂಜೆಯದಕ್ಕೆ ಹೋಗುತ್ತೇನೆ. ನೀನು ನನ್ನೊಡನೆ ಮಾತಾಡಬೇಕಾಗಿಲ್ಲ.

ಅಕ್ಕ

*

ಸೆಪ್ಟೆಂಬರ್ 6

ಅಕ್ಕಾ,

ಅವತ್ತು ನಾನು ಮಾತಾಡಲಿಲ್ಲ. ನೀನು ಕಾರಿಡಾರಿನಲ್ಲಿ ನನ್ನೆದುರೇ ಹಾದುಹೋದೆ, ನಾನು ನೋಟಿಸ್ ಬೋರ್ಡ್ ಓದುವವಳಂತೆ ನಿಂತಿದ್ದೆ. ಅದರಲ್ಲಿ ಒಂದು ನೋಟಿಸೂ ಇರಲಿಲ್ಲ.

ಒಳಗೆ ನಡೆದದ್ದನ್ನು ನಾನು ಕಂಡಂತೆ ಬರೆಯುತ್ತೇನೆ. ಅಧ್ಯಕ್ಷರು ನಿನ್ನ ಪುಟವನ್ನು ಎತ್ತಿ ಹಿಡಿದು ಕೇಳಿದರು: "ನಿಮಗೆ ಗೊತ್ತಿತ್ತು. ಗೊತ್ತಿದ್ದೂ ತಂಗಿಗೆ ಯಾಕೆ ಹೇಳ್ಲಿಲ್ಲ?"

ನೀನು ನೀರೂ ಕುಡಿಯಲಿಲ್ಲ. "ಹೊಟ್ಟೆಕಿಚ್ಚು ಸಾರ್" ಎಂದೆ.

ಟೈಪಿಸ್ಟ್ ಬೆರಳು ನಿಲ್ಲಿಸಿ, "ಸಾರ್, ಇದನ್ನ ಹೆಂಗೆ ಹಾಕ್ಲಿ? ವೈಯಕ್ತಿಕ ಕಾರಣ ಅಂತ ಹಾಕ್ಲಾ?" ಎಂದು ಕೇಳಿದಳು.

"ಅವರು ಹೇಳಿದ್ದೇ ಹಾಕಿ" ಎಂದರು ಅಧ್ಯಕ್ಷರು.

ನನ್ನ ಮುಖ್ಯಸ್ಥರು ಆಗ ಮೊದಲ ಬಾರಿ ತಲೆ ತಗ್ಗಿಸಿದರು. ಅರ್ಧ ಗಂಟೆಯ ನಂತರ, ಚೀಟಿ ತಮಗೆ ಬಂದಿತ್ತೆಂದು ಒಪ್ಪಿಕೊಂಡರು. ಒಬ್ಬರು ನಿಜ ಹೇಳಿಬಿಟ್ಟ ಕೋಣೆಯಲ್ಲಿ ಸುಳ್ಳು ಹೇಳುವುದು ಕಷ್ಟವೇನೋ.

ತೀರ್ಪು ಬಂತು. ಮುಖ್ಯಸ್ಥರನ್ನು ಬೇರೆ ಕಡೆ ಹಾಕಿದ್ದಾರೆ. ಸಂದೇಹವಿದ್ದೂ ಸಹಿ ಮಾಡಿದ್ದಕ್ಕೆ ನನಗೆ ಎಚ್ಚರಿಕೆ, ಎರಡು ವರ್ಷ ಬಡ್ತಿಯಿಲ್ಲ. ಅದು ನ್ಯಾಯವೇ. ನೌಕರಿ ಮಾತ್ರ ಉಳಿದಿದೆ. ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು, ಸೆನ್ಸರ್‌ಗಳು ಮಾದರಿಯೊಳಗೇ ಕೂರಬೇಕು. ಮೇಸ್ತ್ರಿ ವಾಪಸ್ ಬಂದಿದ್ದಾರೆ. ಬಲಗೈಯಲ್ಲಿ ಇನ್ನೂ ಲೋಟ ನಿಲ್ಲುವುದಿಲ್ಲ. ಎಡಗೈಯಲ್ಲಿ ಬೆಸೆಯುವುದನ್ನು ಕಲಿಯುತ್ತಿದ್ದಾರೆ. ಅವರ ಪಕ್ಕ ಕೂತು ತಂತಿ ಹಿಡಿದುಕೊಳ್ಳುವವಳು ನಾನೇ.

ನಿನ್ನ ಮೇಲಿನ ಸಿಟ್ಟು ಇಳಿದಿಲ್ಲ. ಯಾವಾಗ ಇಳಿಯುತ್ತದೋ ಗೊತ್ತಿಲ್ಲ, ಕೇಳಬೇಡ.

ಹೊಸ ಮಾದರಿಯ ನಕ್ಷೆ ಇದರ ಜೊತೆಗಿದೆ. ಕೇಳಿಯೇ ಕಳಿಸುತ್ತಿದ್ದೇನೆ, ಅನುಮತಿಯ ಮುದ್ರೆ ಹಿಂಬದಿಯಲ್ಲಿದೆ. ಇಲ್ಲಿ ಐದು ಜನ ನೋಡಿ ಸರಿ ಎಂದಿದ್ದಾರೆ. ನೀನೂ ನೋಡು. ತಪ್ಪು ಕಾಣದಿದ್ದರೆ "ಕಾಣಲಿಲ್ಲ" ಎಂದು ಅಕ್ಷರದಲ್ಲಿ ಬರೆ. ಸುಮ್ಮನಿದ್ದರೆ ಇನ್ನು ನಾನು ಅದನ್ನು ಒಪ್ಪಿಗೆ ಎಂದು ಓದುವುದಿಲ್ಲ.

ಬುಗುರಿ

*

ಸೆಪ್ಟೆಂಬರ್ 11

ಬುಗುರಿ,

ನಕ್ಷೆ ಇವತ್ತು ಹನ್ನೊಂದು ಗಂಟೆಗೆ ಬಂತು. ಚೆನ್ನಾಗಿದೆ. ಇಷ್ಟು ಚೆನ್ನಾಗಿ ನನ್ನಿಂದ ಆಗುತ್ತಿರಲಿಲ್ಲ. ಅದನ್ನು ನೋಡುತ್ತಾ ಇಪ್ಪತ್ತು ನಿಮಿಷ ಹೊಟ್ಟೆ ಉರಿಯಿತು. ಗಡಿಯಾರ ನೋಡಿಕೊಂಡೇ ಹೇಳುತ್ತಿದ್ದೇನೆ. ಹೋಗಿಬಿಟ್ಟಿದೆ ಎಂದುಕೊಂಡಿದ್ದೆ, ಹೋಗಿಲ್ಲ.

ಆದರೆ ಮೂರನೇ ಸೆನ್ಸರ್ ತಪ್ಪು ಜಾಗದಲ್ಲಿದೆ. ಶಂಕುವನ್ನು ಹಿಡಿದಿರುವ ಮೇಲಿನ ಪಟ್ಟಿಯ ನೇರ ಹಿಂದೆ ಕೂರಿಸಿದ್ದೀಯ. ಪಟ್ಟಿಯ ಹಿಂದಿನ ಸುಳಿಗಾಳಿ ಅದಕ್ಕೆ ಬಡಿಯುತ್ತಲೇ ಇರುತ್ತದೆ. ನೀನು ಪಟ್ಟಿಯ ಗಲಾಟೆಯನ್ನು ಅಲೆಯ ನಡುಕ ಎಂದು ಓದುತ್ತೀಯ, ಆರಾಮಾಗಿರುವ ಬಾಯಿಗೆ ರೋಗ ಹಚ್ಚುತ್ತೀಯ. ಮೂವತ್ತು ಡಿಗ್ರಿ ಪಕ್ಕಕ್ಕೆ ಸರಿಸು. ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೇನೆ. ಬೇರೆ ತಪ್ಪು ಕಾಣಲಿಲ್ಲ.

ಅಪ್ಪ ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದಾರೆ. ಎರಡೂವರೆ ತಿಂಗಳ ನಂತರ ಬಾಯಿ ಬಿಟ್ಟರು. "ಬರ್ದಾಯ್ತಾ? ಅಂಚೆ ಎರಡು ಗಂಟೆಗೆ ಹೋಗ್ಬಿಡುತ್ತೆ. ಬೇಗ ಅಂಟ್ಸು, ನಾನೇ ಹಾಕ್ಬರ್ತೀನಿ."

ಅಂಟಿಸುತ್ತಿದ್ದೇನೆ.

ಅಕ್ಕ